ಊರು ಅಲ್ಲೇ ಇತ್ತು, ಸರ್ಕಾರ ಬದಲಾಯಿತು: ಹಳೆಯ ಜಮೀನು ದಾಖಲೆಗಳಲ್ಲಿ ಹಿರೀಕರನ್ನು ಹುಡುಕುವುದು ಹೇಗೆ

ಹರಪನಹಳ್ಳಿ ತಾಲೂಕಿನ ಯಾವುದಾದರೂ ಒಂದು ಹಳ್ಳಿ ತೆಗೆದುಕೊಳ್ಳಿ. ಇವತ್ತು ಅದು ವಿಜಯನಗರ ಜಿಲ್ಲೆಯಲ್ಲಿದೆ. 2021ಕ್ಕೆ ಮುಂಚೆ ಬಳ್ಳಾರಿ ಜಿಲ್ಲೆ, 2018ಕ್ಕೆ ಮುಂಚೆ ದಾವಣಗೆರೆ, 1997ಕ್ಕೆ ಮುಂಚೆ ಮತ್ತೆ ಬಳ್ಳಾರಿ. 1953ರ ಅಕ್ಟೋಬರ್ 1ರವರೆಗೆ ಆ ಬಳ್ಳಾರಿಯೇ ಮದ್ರಾಸಿಗೆ ಸೇರಿತ್ತು. 1800ರಲ್ಲಿ ನಿಜಾಮರು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲದಲ್ಲಿ ಈ ಸೀಮೆಯೂ ಇತ್ತು. ಅದಕ್ಕೂ ಹಿಂದೆ ಅಲ್ಲಿ ಆಳಿದವರು ಪಾಳೆಯಗಾರರು. ಆ ಹಳ್ಳಿಯ ರೈತ ಕುಟುಂಬ ಊರು ಬಿಟ್ಟು ಕದಲಿಲ್ಲ. ಅದರ ಕಾಗದಗಳು ಮಾತ್ರ ಹಲವು ಕಚೇರಿಗಳಲ್ಲಿ, ಎರಡು ಮೂರು ರಾಜ್ಯಗಳಲ್ಲಿ ಹಂಚಿಹೋಗಿವೆ.

ಮುತ್ತಜ್ಜನ ಹೆಸರು ಹುಡುಕಲು ಹೊರಟವರಲ್ಲಿ ಹೆಚ್ಚಿನವರು ಇಂದಿನ ಜಿಲ್ಲಾ ಕೇಂದ್ರಕ್ಕೆ ಹೋಗಿ, "ಅಷ್ಟು ಹಳೇದು ಇಲ್ಲಿಲ್ಲ" ಎಂದು ಕೇಳಿಸಿಕೊಂಡು ಕೈಬಿಡುತ್ತಾರೆ. ದಾಖಲೆ ಇರುತ್ತದೆ, ಆದರೆ ಆ ಕಾಲದ ಸರ್ಕಾರದ ಹೆಸರಲ್ಲಿ, ಆ ಸರ್ಕಾರದ ಲಿಪಿಯಲ್ಲಿ, ಅದರದೇ ವರ್ಷದ ಲೆಕ್ಕದಲ್ಲಿ ಇರುತ್ತದೆ. ಆದ್ದರಿಂದ ವ್ಯಕ್ತಿಯ ಬೆನ್ನು ಹತ್ತುವ ಮೊದಲು ಹೊಲದ ಬೆನ್ನು ಹತ್ತಬೇಕು. ಹೊಲ ಜಾಗ ಬಿಟ್ಟು ಹೋಗುವುದಿಲ್ಲ. ಅದರ ಸರ್ವೆ ನಂಬರ್ ಹಿಡಿದು ಹಿಂದೆ ಹಿಂದೆ ನಡೆದರೆ ಹೆಸರುಗಳು ತಾವಾಗಿ ಸಿಗುತ್ತಾ ಹೋಗುತ್ತವೆ.

1. ಮನೆಯ ಪೆಟ್ಟಿಗೆ ಮತ್ತು ಹಿರಿಯರ ಮಾತು

ಕಚೇರಿಗೆ ಹೋಗುವ ಮುಂಚೆ ಮನೆಯಲ್ಲಿರುವುದನ್ನೆಲ್ಲ ಹೊರತೆಗೆಯಿರಿ. ಕಂದಾಯದ ರಸೀದಿ, ಪಟ್ಟೆ ಪುಸ್ತಕ, ಕ್ರಯಪತ್ರ, ಭೋಗ್ಯಪತ್ರ, ಪಾಲುಪಟ್ಟಿ, ಸೊಸೈಟಿ ಸಾಲದ ಕಾಗದ, ಯಾವುದೂ ಚಿಕ್ಕದಲ್ಲ. ಹರಿದ ಕಂದಾಯ ರಸೀದಿಯಲ್ಲೂ ಊರು, ಖಾತೆ ನಂಬರ್, ವರ್ಷ ಮೂರೂ ಸಿಗುತ್ತವೆ.

ಅಜ್ಜಿಯನ್ನೋ ದೊಡ್ಡಪ್ಪನನ್ನೋ ಕೂರಿಸಿಕೊಂಡು ಕೇಳುವಾಗ "ನಮ್ಮ ಮೂಲ ಯಾವುದು" ಎಂದು ಆರಂಭಿಸಬೇಡಿ. ಅದಕ್ಕೆ ಎಲ್ಲರ ಮನೆಯಲ್ಲೂ ಒಂದು ಸಿದ್ಧ ಕಥೆ ಇರುತ್ತದೆ. ಹೊಲಗಳ ಹೆಸರು ಕೇಳಿ: ಕೆರೆ ಹಿಂದಿನ ಹೊಲ, ಹುಣಸೆಮರದ ಗದ್ದೆ, ಗುಡಿ ಮಾನ್ಯ, ಗೌಡಕಿ ಹೊಲ. ಪಕ್ಕದ ಹೊಲ ಯಾರದು, ಕಂದಾಯ ಕಟ್ಟಲು ಯಾವ ಊರಿಗೆ ಹೋಗುತ್ತಿದ್ದರು, ಶಾನುಭೋಗರೋ ಕುಲಕರ್ಣಿಯೋ ಪಟವಾರಿಯೋ ಕರಣಮೋ ಎಂದು ಕೇಳಿ. ಈ ಕೊನೆಯ ಉತ್ತರದಿಂದಲೇ ನಿಮ್ಮ ಊರು ಯಾವ ಆಡಳಿತದಲ್ಲಿತ್ತು ಎಂಬ ಅಂದಾಜು ಸಿಗುತ್ತದೆ. ಮೈಸೂರು ಸೀಮೆಯಲ್ಲಿ ಶಾನುಭೋಗರು, ಮುಂಬಯಿ ಕಡೆ ಕುಲಕರ್ಣಿ, ನಿಜಾಮರ ಸೀಮೆಯಲ್ಲಿ ಪಟವಾರಿ, ಮದ್ರಾಸಿನ ಬಳ್ಳಾರಿಯಲ್ಲಿ ಕರಣಂ ಎಂಬುದು ಹೆಚ್ಚು ಬಳಕೆ.

2. ಊರಿನ ಸರ್ಕಾರಗಳ ಪಟ್ಟಿ ಬರೆಯಿರಿ

ಒಂದು ಹಾಳೆಯಲ್ಲಿ ಕೆಳಗಿನಿಂದ ಮೇಲಕ್ಕೆ ಬರೆಯುತ್ತಾ ಹೋಗಿ: ಇಂದಿನ ಹೋಬಳಿ, ತಾಲೂಕು, ಜಿಲ್ಲೆ. ಆಮೇಲೆ 1997ರ ಹೊಸ ಜಿಲ್ಲೆಗಳಿಗೆ ಮುಂಚೆ, 1956ರ ನವೆಂಬರ್ 1ಕ್ಕೆ ಮುಂಚೆ, 1948–49ರ ಸಂಸ್ಥಾನ ವಿಲೀನಕ್ಕೆ ಮುಂಚೆ, 1860ರ ದಶಕಕ್ಕೆ ಮುಂಚೆ, 1818ಕ್ಕೆ ಮುಂಚೆ, 1799ಕ್ಕೆ ಮುಂಚೆ. ಪ್ರತಿ ಸಾಲಿನ ಎದುರು ಯಾರ ಆಡಳಿತ, ಯಾವ ಭಾಷೆ, ಯಾವ ಲಿಪಿ, ಈಗ ಆ ಕಾಗದ ಇರಬಹುದಾದ ಕಚೇರಿ ಯಾವುದು ಎಂದು ತುಂಬಿಸಿ. ಇಡೀ ಹುಡುಕಾಟ ನಿಂತಿರುವುದು ಈ ಹಾಳೆಯ ಮೇಲೆ. ಇದಕ್ಕೆ ಒಂದು ವಾರ ಹೋದರೂ ನಷ್ಟವಿಲ್ಲ.

ಕನ್ನಡ ನಾಡು ಒಂದಾದದ್ದು ಐದು ಆಡಳಿತಗಳಿಂದ: ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸ್, ಕೊಡಗು. ಅವುಗಳ ಒಳಗೂ ಗಡಿಗಳು ಓಡಾಡಿವೆ. ಉತ್ತರ ಕನ್ನಡ 1862ರವರೆಗೆ ದಕ್ಷಿಣ ಕನ್ನಡದ ಜೊತೆ ಮದ್ರಾಸಿನಲ್ಲಿತ್ತು, ಆಮೇಲೆ ಮುಂಬಯಿಗೆ ಸೇರಿತು. ರಾಯಚೂರು ದೋಆಬನ್ನು, ಅಂದರೆ ಕೃಷ್ಣಾ ತುಂಗಭದ್ರೆಯರ ನಡುವಿನ ಸೀಮೆಯನ್ನು, ನಿಜಾಮರು 1853ರಲ್ಲಿ ಬ್ರಿಟಿಷರಿಗೆ ಒಪ್ಪಿಸಿ 1860ರಲ್ಲಿ ಮರಳಿ ಪಡೆದರು. ಸುರಪುರ ಸಂಸ್ಥಾನ ನಿಜಾಮರಿಗೆ ಹೋದದ್ದೂ ಆಗಲೇ. ಬಿಜಾಪುರ ಸೀಮೆಯ ಒಂದು ಪಾಲು 1848ರವರೆಗೆ ಸಾತಾರಾ ರಾಜರದು. ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು 1948ರವರೆಗೆ ಸಂಸ್ಥಾನಗಳು. ಸಂಡೂರು 1949ರಲ್ಲಿ ಮದ್ರಾಸಿಗೆ ಸೇರಿ ನಾಲ್ಕೇ ವರ್ಷದಲ್ಲಿ ಮೈಸೂರಿಗೆ ಬಂತು. ಕೊಳ್ಳೇಗಾಲ 1956ರವರೆಗೆ ಕೊಯಮತ್ತೂರು ಜಿಲ್ಲೆಯ ತಾಲೂಕು.

ಹೊರಗೆ ಉಳಿದವರ ಕಡೆಯೂ ನೋಡಬೇಕು. ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ, ಚಂದಗಡ ಬೆಳಗಾವಿ ಜಿಲ್ಲೆಯಿಂದ ಮರಾಠಿ ಕಡೆಗೆ ಹೋದದ್ದು 1956ರಲ್ಲಿ. ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು 1953ರಲ್ಲೇ ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಮನೆಗಳ ಉತಾರಗಳೆಲ್ಲ (ಪಹಣಿಗಳು) ಮರಾಠಿಯಲ್ಲಿವೆ.

ಹಳ್ಳಿ ಯಾವ ತಾಲೂಕಿಗೆ ಸೇರಿತ್ತೆಂದು ಖಚಿತಪಡಿಸಿಕೊಳ್ಳಲು 1951ರ ಜನಗಣತಿಯ ಜಿಲ್ಲಾ ಕೈಪಿಡಿ ಒಳ್ಳೆಯದು. ಪುನರ್ವಿಂಗಡಣೆಗೆ ಮುಂಚಿನ ಕೊನೆಯ ಜನಗಣತಿ ಅದು, ಹಳ್ಳಿಗಳ ಪಟ್ಟಿ ಹಳೆಯ ಗಡಿಗಳ ಪ್ರಕಾರ ಇದೆ. ಹೊಸೂರು, ಹೊಸಹಳ್ಳಿ, ಬಸಾಪುರದಂಥ ಹೆಸರುಗಳು ಪ್ರತಿ ತಾಲೂಕಿನಲ್ಲೂ ಇರುವುದರಿಂದ ಪಕ್ಕದ ಹಳ್ಳಿಗಳ ಹೆಸರನ್ನೂ ಬರೆದಿಟ್ಟುಕೊಳ್ಳಿ. ಹಿರಿಯರು ಹೇಳಿದ ಊರು ಈಗ ಎಲ್ಲೂ ಕಾಣದಿದ್ದರೆ ಬೇಚರಾಕ್ ಗ್ರಾಮಗಳ ಪಟ್ಟಿ ನೋಡಿ. ಪ್ಲೇಗಿಗೋ ಬರಕ್ಕೋ ಜನ ಬಿಟ್ಟುಹೋದ ಊರಿನ ಮನೆಗಳು ಮಣ್ಣಾಗಿದ್ದರೂ ಕಂದಾಯ ದಾಖಲೆಯಲ್ಲಿ ಆ ಊರು ಇನ್ನೂ ಒಂದು ಗ್ರಾಮವೇ.

3. ಇಂದಿನ ಪಹಣಿಯಿಂದ ಹಿಂದಕ್ಕೆ

ಭೂಮಿ ತಂತ್ರಾಂಶದಲ್ಲಿ ಸುಮಾರು 2000ದಿಂದ ಈಚಿನ ಪಹಣಿ ಸಿಗುತ್ತದೆ. ಅದರಲ್ಲಿ ಸರ್ವೆ ನಂಬರ್, ಹಿಸ್ಸಾ (ಆ ನಂಬರಿನೊಳಗಿನ ಪಾಲು), ವಿಸ್ತೀರ್ಣ, ಖಾತೆದಾರನ ಹೆಸರಿನ ಜೊತೆಗಿರುವ ಮ್ಯುಟೇಶನ್ (ಖಾತೆ ಬದಲಾವಣೆ) ನಂಬರ್ ಬರೆದುಕೊಳ್ಳಿ. ಅಲ್ಲಿಂದ ಹಿಂದಕ್ಕೆ ಕೈಬರಹದ ಪಹಣಿ. 1964ರ ಭೂ ಕಂದಾಯ ಕಾಯ್ದೆ ಬಂದ ಮೇಲೆ ಇಡೀ ರಾಜ್ಯಕ್ಕೆ ಒಂದೇ ಬಗೆಯ ಪಹಣಿ, ಅಂದರೆ ಆರ್‌ಟಿಸಿ ಆಯಿತು. ಅವು ತಾಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿವೆ. ಅರ್ಜಿ ಕೊಟ್ಟು ಶುಲ್ಕ ಕಟ್ಟಿದರೆ ದೃಢೀಕೃತ ನಕಲು ಕೊಡುತ್ತಾರೆ. ಭೂ ಸುರಕ್ಷಾ ಯೋಜನೆಯಲ್ಲಿ ಈ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದರಿಂದ ನಿಮ್ಮ ತಾಲೂಕಿನದು ಆಗಿದೆಯೇ ಎಂದು ಮೊದಲೇ ವಿಚಾರಿಸಿ.

ಪಹಣಿಯಲ್ಲಿ ಸಿಗುವುದು ಹೆಸರು. ಸಂಬಂಧ ಸಿಗುವುದು ಮ್ಯುಟೇಶನ್ ರಿಜಿಸ್ಟರಿನಲ್ಲಿ. ವಂಶ ಹುಡುಕುವವರಿಗೆ ಇದಕ್ಕಿಂತ ಬೆಲೆಯುಳ್ಳ ಪುಸ್ತಕ ಕಂದಾಯ ಇಲಾಖೆಯಲ್ಲಿ ಇನ್ನೊಂದಿಲ್ಲ ಎಂದು ನನ್ನ ನಂಬಿಕೆ. ಖಾತೆದಾರ ತೀರಿಹೋದಾಗ ಪೌತಿ ಖಾತೆಗೋ ವಾರಸಾ ನೋಂದಣಿಗೋ ಬರೆದ ನಾಲ್ಕು ಸಾಲಿನಲ್ಲಿ ಸತ್ತ ಕಾಲ, ಹೆಂಡತಿ, ಗಂಡುಮಕ್ಕಳು ವಯಸ್ಸಿನ ಸಹಿತ, ಮದುವೆಯಾಗಿ ಹೋದ ಹೆಣ್ಣುಮಕ್ಕಳು, ವರದಿ ಕೊಟ್ಟವರು, ಪಂಚರ ಸಹಿ ಅಥವಾ ಹೆಬ್ಬೆಟ್ಟು ಸಿಗಬಹುದು. ಮಗ ಮೈನರ್ ಆಗಿದ್ದರೆ ಪಾಲಕಳಾಗಿ ತಾಯಿಯ ಹೆಸರು ಬರುತ್ತದೆ. ಬೇರೆ ಯಾವ ಕಾಗದದಲ್ಲೂ ಕಾಣದ ಎಷ್ಟೋ ಹೆಣ್ಣುಮಕ್ಕಳ ಹೆಸರು ಹೀಗೆ ಉಳಿದಿರುವುದು. ಅದನ್ನು ಬಿಡದೆ ಬರೆದುಕೊಳ್ಳಿ, ಮುಂದಿನ ತಲೆಮಾರಿಗೆ ನೀವು ಕೊಡಬಹುದಾದ ದೊಡ್ಡ ಕೊಡುಗೆ ಅದು.

ಒಂದು ಮ್ಯುಟೇಶನ್ನಿನಲ್ಲಿ ಹಿಂದಿನ ಮ್ಯುಟೇಶನ್ ನಂಬರ್ ಇರುತ್ತದೆ. ಅದನ್ನು ತೆಗೆಸಿದರೆ ಅದಕ್ಕೂ ಹಿಂದಿನದು. ಮುಂಬಯಿ ಪ್ರಾಂತ್ಯದಲ್ಲಿ ಹಕ್ಕು ದಾಖಲೆಯ ಕಾಯ್ದೆ 1903ರಲ್ಲೇ ಬಂದದ್ದರಿಂದ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಕಡೆಯವರು ಈ ಸರಪಳಿ ಹಿಡಿದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳವರೆಗೂ ಹೋಗಬಹುದು. ಹಳೆಯ ಮೈಸೂರಿನವರು ಇಂಡೆಕ್ಸ್ ಆಫ್ ಲ್ಯಾಂಡ್ಸ್ ಮತ್ತು ರೆಕಾರ್ಡ್ ಆಫ್ ರೈಟ್ಸ್ ಪುಸ್ತಕಗಳನ್ನು ಕೇಳಬೇಕು. ಕಚೇರಿಯಲ್ಲಿ ಐಎಲ್, ಆರ್‌ಆರ್ ಎಂದರೆ ಸಾಕು.

ಸರ್ವೆ ಕಾಗದಗಳು ಇರುವುದು ಭೂದಾಖಲೆಗಳ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ, ಅಂದರೆ ಎಡಿಎಲ್‌ಆರ್ ಆಫೀಸಿನಲ್ಲಿ. ಆಕಾರ್‌ಬಂದ್ (ಸರ್ವೆ ನಂಬರಿನ ಪ್ರಕಾರ ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಅಳತೆಯ ನಕ್ಷೆ), ಪೋಡಿ (ಸರ್ವೆ ನಂಬರ್ ಪಾಲು ಮಾಡಿದ) ಕಡತಗಳನ್ನು ಅಲ್ಲಿ ಕೇಳಿ. ಧಾರವಾಡ ಸೀಮೆಯಲ್ಲಿ ಮೊದಲ ಸರ್ವೆ 1840ರ ದಶಕದಲ್ಲಿ ಶುರುವಾಯಿತು. ಮೈಸೂರಿನಲ್ಲಿ ಅದೇ ಮುಂಬಯಿ ಪದ್ಧತಿಯ ಸರ್ವೆ 1863ರಲ್ಲಿ ಆರಂಭವಾಯಿತು. ಮರುಸರ್ವೆ ಆದಾಗ ನಂಬರ್ ಬದಲಾಗಿರುವುದುಂಟು. ಹಳೆ ನಂಬರ್‌ಗೂ ಹೊಸ ನಂಬರ್‌ಗೂ ತಾಳೆ ನೋಡುವ ಪಟ್ಟಿ ಇದೆಯೇ ಎಂದು ಕೇಳದೆ ಮುಂದೆ ಹೋಗಬೇಡಿ, ಇಲ್ಲವಾದರೆ ಬೇರೆಯವರ ಅಜ್ಜನನ್ನು ನಿಮ್ಮವನೆಂದು ಬರೆದುಕೊಳ್ಳುತ್ತೀರಿ. ಗ್ರಾಮ ನಕಾಶೆಯನ್ನು ಸರ್ಕಾರದ ಭೂದಾಖಲೆ ಜಾಲತಾಣದಿಂದ ಇಳಿಸಿಕೊಂಡು ಎದುರಿಗಿಟ್ಟುಕೊಂಡರೆ ಅರ್ಧ ಗೊಂದಲ ತೀರುತ್ತದೆ.

4. ಗಡಿ ದಾಟಿದ ಕಾಗದ

ರಾಜ್ಯ ಬದಲಾದಾಗ ಸಾಮಾನ್ಯವಾಗಿ ಹಳ್ಳಿಯ ಲೆಕ್ಕದ ಪುಸ್ತಕಗಳು ತಾಲೂಕಿನ ಜೊತೆಗೇ ಹೊಸ ಸರ್ಕಾರಕ್ಕೆ ಬರುತ್ತವೆ. ಸರ್ಕಾರದ ಮಟ್ಟದ ಕಡತಗಳು, ಇನಾಂ (ಕಂದಾಯ ಮಾಫಿಯೋ ರಿಯಾಯಿತಿಯೋ ಇರುವ ದತ್ತಿ ಜಮೀನು) ವಿಚಾರಣೆ, ಮೇಲ್ಮನವಿ, ಸೆಟಲ್‌ಮೆಂಟ್ ವರದಿಗಳು ಹಳೆಯ ರಾಜಧಾನಿಯಲ್ಲೇ ಉಳಿಯುತ್ತವೆ. ನಿಮ್ಮವರು ಬರೀ ಕಂದಾಯ ಕಟ್ಟುವ ರೈತರಾಗಿದ್ದರೆ ತಾಲೂಕು ಕಚೇರಿಯಲ್ಲೇ ಹೆಚ್ಚು ಸಿಗುತ್ತದೆ. ಇನಾಂ, ವತನ (ವಂಶಪಾರಂಪರ್ಯ ಹುದ್ದೆಯ ಜಮೀನು), ಜಹಗೀರು (ಕಂದಾಯ ವಸೂಲಿಯ ಹಕ್ಕು ಬಿಟ್ಟುಕೊಟ್ಟ ಊರು) ಏನಾದರೂ ಇದ್ದರೆ ಚೆನ್ನೈ, ಮುಂಬಯಿ, ಪುಣೆ, ಹೈದರಾಬಾದಿಗೆ ಹೋಗುವುದು ಸಾರ್ಥಕ.

ಬಳ್ಳಾರಿ, ಕೊಳ್ಳೇಗಾಲ, ಕರಾವಳಿಯವರು ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರವನ್ನು ನೆನಪಿಡಬೇಕು. ಮದ್ರಾಸಿನ ಇನಾಂ ಕಮಿಷನ್ 1858ರಲ್ಲಿ ಶುರುವಾಗಿ, ಊರೂರಿನ ಇನಾಂ ಜಮೀನು ಮೂಲತಃ ಯಾರಿಗೆ ಸಿಕ್ಕಿತು, ಈಗ ಅನುಭವಿಸುತ್ತಿರುವವರಿಗೂ ಅವರಿಗೂ ಏನು ಸಂಬಂಧ ಎಂದು ವಿಚಾರಿಸಿ ಇನಾಂ ಫೇರ್ ರಿಜಿಸ್ಟರಿನಲ್ಲಿ ಬರೆಸಿತು. ಪೂಜಾರಿ, ತಳವಾರ, ಕರಣಂ ಮನೆತನದವರಿಗೆ ಒಂದೇ ಪುಟದಲ್ಲಿ ಎರಡು ಮೂರು ತಲೆಮಾರು ದೊರೆಯುವುದು ಇಲ್ಲಿ. ಗ್ರಾಮದ ಸೆಟಲ್‌ಮೆಂಟ್ ರಿಜಿಸ್ಟರಿಗೆ ಆ ಕಡೆ ಡೈಗ್ಲಾಟ್ ಎನ್ನುತ್ತಾರೆ. ಇಂಗ್ಲಿಷ್ ಮತ್ತು ದೇಶಭಾಷೆ ಎರಡರಲ್ಲೂ ಬರೆದಿರುವುದರಿಂದ ಓದಲು ಸುಲಭ.

ಮುಂಬಯಿ ಕರ್ನಾಟಕದ್ದು ಬೇರೆ ಕಥೆ. ಪೇಶ್ವೆಯರ ಕಾಲದ ಕಾಗದ ಪುಣೆಯ ಪೇಶ್ವೆ ದಫ್ತರದಲ್ಲಿದೆ, ಬಹುಪಾಲು ಮೋಡಿ ಲಿಪಿಯಲ್ಲಿ, ಅಂದರೆ ಮರಾಠಿಯ ಹಳೆಯ ಕೂಡುಬರಹದಲ್ಲಿ. ಮೋಡಿ ಓದಿಕೊಡುವವರು ಪುಣೆ, ಕೊಲ್ಹಾಪುರಗಳಲ್ಲಿ ಇದ್ದಾರೆ. ಪುಟದ ಲೆಕ್ಕದಲ್ಲಿ ಮಾತಾಡಿಕೊಂಡು, ಮೊದಲು ಒಂದೆರಡು ಪುಟ ಓದಿಸಿ ನಿಮ್ಮ ಊರಿನದೇ ಎಂದು ಖಾತ್ರಿ ಮಾಡಿಕೊಳ್ಳಿ. ಗೌಡಕಿ, ಕುಲಕರ್ಣಿಕಿ, ದೇಸಗತಿ ಇದ್ದ ಮನೆಗಳಿಗೆ 1874ರ ವತನ ಕಾಯ್ದೆಯ ಕಡತಗಳು ಮುಖ್ಯ. ಚಾಕರಿಯ ಸರದಿ ಯಾವ ಕವಲಿಗೆ ಎಂಬ ತಕರಾರು ಬಂದಾಗೆಲ್ಲ ವಂಶಾವಳಿ ಬರೆಸಿ ಹಾಜರುಪಡಿಸುತ್ತಿದ್ದರು. ಸೊಲ್ಲಾಪುರ ಸಾಂಗಲಿ ಕಡೆಯವರು ಮಹಾರಾಷ್ಟ್ರ ಸರ್ಕಾರದ ಆಪ್ಲೆ ಅಭಿಲೇಖ ಜಾಲತಾಣದಲ್ಲಿ ತಮ್ಮ ತಾಲೂಕಿನ ಹಳೆಯ ಸಾತ್‌ಬಾರಾ (ಪಹಣಿ), ಫೇರ್‌ಫಾರ್ (ಮ್ಯುಟೇಶನ್) ಪುಟಗಳು ಸಿಗುತ್ತವೆಯೇ ಎಂದು ಮನೆಯಲ್ಲೇ ಕೂತು ನೋಡಬಹುದು. ಹೆಸರಿನ ಹಿಂದೆ "ಎ.ಕು.ಮ್ಯಾ." ಎಂದಿದ್ದರೆ ಏಕತ್ರ ಕುಟುಂಬದ ಮ್ಯಾನೇಜರ್ ಎಂದು ಅರ್ಥ, ಅವನ ಹಿಂದೆ ಹೆಸರಿಲ್ಲದ ತಮ್ಮಂದಿರು ಇದ್ದಾರೆ. "ಅ.ಪಾ.ಕ." ಎಂದರೆ ಅಪ್ರಾಪ್ತನ ಪಾಲಕ.

ಕಲಬುರಗಿ, ರಾಯಚೂರು, ಬೀದರಿನವರಿಗೆ ದಾರಿ ಸ್ವಲ್ಪ ಕಡಿದು, ಆದರೆ ಸಂಪತ್ತು ಹೆಚ್ಚು. ಹೈದರಾಬಾದ್ ಸರ್ಕಾರದ ಕಾಗದ ಮೊದಲು ಫಾರ್ಸಿಯಲ್ಲಿ, 1880ರ ದಶಕದಿಂದ ಉರ್ದುವಿನಲ್ಲಿ. ಸೇತ್ವಾರ್ ಎಂದರೆ ಸರ್ವೆ ಮುಗಿದಾಗ ಮಾಡಿದ ಮೂಲ ಪಟ್ಟಿ. ಫೈಸಲ್ ಪಟ್ಟಿಯಲ್ಲಿ ವರ್ಷವರ್ಷದ ಬದಲಾವಣೆ. ವಿರಾಸತ್ ಎಂದರೆ ವಾರಸುದಾರಿಕೆಯ ವಿಚಾರಣೆ. 1954–55ರ ಖಾಸರಾ ಪಹಣಿಯನ್ನು ಮೊದಲು ಕೇಳಿ, ಆ ಸೀಮೆಯ ಹುಡುಕಾಟಕ್ಕೆ ಅದೇ ಹೊಸ್ತಿಲು. ಇನಾಂದಾರ, ದೇಶಮುಖ, ದೇಶಪಾಂಡೆ, ದರ್ಗಾ ಮತ್ತು ಮಠಗಳ ಸೇವೆಯ ಮನೆತನಗಳಿಗೆ ಮುಂತಖಬ್ ಎಂಬ ಪತ್ರ ಕೊಡುತ್ತಿದ್ದರು. ಅದರ ಕಡತದಲ್ಲಿ ಶಜರಾ, ಅಂದರೆ ವಂಶವೃಕ್ಷ, ಹೊಂದಿಸಿರುತ್ತಿದ್ದರು. ಹೈದರಾಬಾದಿನ ತಾರ್ನಾಕದಲ್ಲಿರುವ ತೆಲಂಗಾಣ ಪತ್ರಾಗಾರದಲ್ಲಿ ವಿಚಾರಿಸಿ. ಊರು ದಿವಾನಿಯೋ (ನೇರ ಸರ್ಕಾರದ್ದು), ಸರ್ಫ್-ಎ-ಖಾಸೋ (ನಿಜಾಮರ ಖಾಸಗಿ), ಪಾಯಗಾವೋ (ಸೇನೆ ಸಾಕಲು ಶ್ರೀಮಂತ ಮನೆತನಕ್ಕೆ ಕೊಟ್ಟದ್ದು), ಜಹಗೀರೋ ಎಂಬುದು ಗೊತ್ತಿದ್ದರೆ ಮಾತ್ರ ಅಲ್ಲಿ ಕಡತ ಬೇಗ ಸಿಗುತ್ತದೆ, ಏಕೆಂದರೆ 1949ರಲ್ಲಿ ಜಹಗೀರು ರದ್ದಾಗುವವರೆಗೆ ಪ್ರತಿಯೊಂದರ ಲೆಕ್ಕ ಬೇರೆ ಬೇರೆ.

ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ, ಅದರ ಮೈಸೂರು, ಧಾರವಾಡ, ಕಲಬುರಗಿ ವಿಭಾಗಗಳಿಗೆ ಹೋಗುವಾಗ ಗುರುತಿನ ಚೀಟಿ ಮತ್ತು ಉದ್ದೇಶ ಬರೆದ ಅರ್ಜಿ ಜೊತೆಗಿರಲಿ.

5. ವರ್ಷ, ಅಳತೆ, ಸಂಬಂಧ ಓದುವುದು

ಹೈದರಾಬಾದ್, ಮದ್ರಾಸ್ ಎರಡೂ ಕಡೆ ಫಸಲಿ ವರ್ಷ, ಅಂದರೆ ಬೆಳೆಯ ಲೆಕ್ಕದ ಕಂದಾಯ ವರ್ಷ, ಬಳಸುತ್ತಿದ್ದರು. ಫಸಲಿಗೆ 590 ಕೂಡಿಸಿದರೆ ಆ ವರ್ಷ ಆರಂಭವಾದ ಇಸವಿ ಬರುತ್ತದೆ. ಫಸಲಿ 1309 ಎಂದರೆ 1899–1900. ಮದ್ರಾಸಿನ ಫಸಲಿ ಜುಲೈನಲ್ಲಿ ಶುರು, ಹೈದರಾಬಾದಿನದು ಅಕ್ಟೋಬರಿನಲ್ಲಿ. ಶಾಲಿವಾಹನ ಶಕೆಗೆ 78 ಕೂಡಿಸಿ. ಮರಾಠರ ಕಾಗದದ ಸುಹೂರ್ ಸನ್ನಿಗೆ 599 ಕೂಡಿಸಿ. ಅದನ್ನು ಅಂಕಿಯಲ್ಲಿ ಬರೆಯದೆ ಅರಬ್ಬಿ ಪದಗಳಲ್ಲಿ, ಬಿಡಿ ಸ್ಥಾನದಿಂದ ಮೇಲಕ್ಕೆ ಬರೆಯುತ್ತಿದ್ದರು: "ಸಮಾನ ಅಶರ ಮಯಾತೈನ ವ ಅಲಫ" ಎಂದರೆ 1218, ಅಂದರೆ 1817–18. ಬರೀ ಸಂವತ್ಸರದ ಹೆಸರಿದ್ದರೆ ಅರವತ್ತು ವರ್ಷದ ಗೊಂದಲ ಇದ್ದೇ ಇರುತ್ತದೆ. ಪ್ರಭವ 1867ರಲ್ಲೂ ಬಂತು, 1927ರಲ್ಲೂ ಬಂತು. ಕಾಗದದ ಛಾಪಾ, ಶಾನುಭೋಗರ ಹೆಸರು, ಪಕ್ಕದ ಹೊಲದವರ ಹೆಸರು ನೋಡಿ ತೀರ್ಮಾನಿಸಬೇಕು.

ಅಳತೆಯೂ ಗುರುತು ಹೇಳುತ್ತದೆ. ಎಕರೆ-ಗುಂಟೆ ಇದ್ದರೆ ಮುಂಬಯಿ, ಮೈಸೂರು ಅಥವಾ ಹೈದರಾಬಾದ್ ಪದ್ಧತಿ. ಎಕರೆ-ಸೆಂಟ್ಸ್ ಇದ್ದರೆ ಮದ್ರಾಸು. "ಬಿನ್" ಎಂದರೆ ಮಗ, "ಕೋಂ" ಎಂದರೆ ಹೆಂಡತಿ, "ವಲದ್" ಎಂದರೆ ಮಗ, "ಉರ್ಫ್" ಮುಂದೆ ಬರುವುದು ಊರಲ್ಲಿ ಕರೆಯುವ ಹೆಸರು. ಮಗನ ಹೆಸರು ಅಜ್ಜನದೇ ಆಗಿರುವುದು ನಮ್ಮಲ್ಲಿ ಸಾಮಾನ್ಯ. ಬಸಪ್ಪ ಬಿನ್ ಸಿದ್ದಪ್ಪ, ಸಿದ್ದಪ್ಪ ಬಿನ್ ಬಸಪ್ಪ ಎಂದು ನಾಲ್ಕು ತಲೆಮಾರು ಸಾಗಿದಾಗ ವರ್ಷ ಹಾಕದೆ ಹೆಸರು ಬರೆದುಕೊಂಡರೆ ಯಾವ ಬಸಪ್ಪ ಎಂದು ಆಮೇಲೆ ತಿಳಿಯದು.

6. ಆಸ್ತಿ ಹರಿದ ದಾರಿ ಎಲ್ಲ ಕಡೆ ಒಂದೇ ಅಲ್ಲ

ಕರಾವಳಿಯ ಅಳಿಯಸಂತಾನದ ಮನೆಗಳಲ್ಲಿ ವರ್ಗದ (ಕಂದಾಯ ಲೆಕ್ಕದಲ್ಲಿ ಒಂದು ಹೆಸರಿನಡಿ ಇರುವ ಹಿಡುವಳಿ) ಯಜಮಾನಿಕೆ ಸೋದರಮಾವನಿಂದ ಅಳಿಯನಿಗೆ. ದಾಖಲೆಯಲ್ಲಿ ಒಬ್ಬರ ನಂತರ ಒಬ್ಬರು ಬಂದ ಮಾತ್ರಕ್ಕೆ ಅವರನ್ನು ಅಪ್ಪ-ಮಗ ಎಂದು ಜೋಡಿಸಿದರೆ ಇಡೀ ಮರ ತಪ್ಪಾಗುತ್ತದೆ. ಅಲ್ಲಿ ತಾಯಿಯ ಹೆಸರು, ಕವರು (ತಾಯಿಯ ಕಡೆಯ ಕವಲು), ಮನೆಯ ಹೆಸರು ಹುಡುಕಬೇಕು. ವರ್ಗ ಎಷ್ಟೋ ಕಾಲ ತೀರಿಹೋದವರ ಹೆಸರಲ್ಲೇ ಮುಂದುವರಿದಿರುತ್ತದೆ, ಆದ್ದರಿಂದ ಪಟ್ಟಿಯಲ್ಲಿ ಹೆಸರಿದೆ ಎಂದರೆ ಆ ವರ್ಷ ಬದುಕಿದ್ದರು ಎಂದು ತಿಳಿಯಬೇಡಿ. ಕಾಸರಗೋಡು, ಮಂಜೇಶ್ವರದವರ ಹಳೆಯ ನೋಂದಣಿ ಪತ್ರಗಳು ಕನ್ನಡದಲ್ಲೇ ಇವೆ, ಮಲಯಾಳ ಬಾರದೆಂದು ಹಿಂಜರಿಯುವುದು ಬೇಡ. ಕೊಡಗಿನ ಜಮ್ಮಾ ಭೂಮಿ (ವಂಶಪಾರಂಪರ್ಯ ಹಿಡುವಳಿ) ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಪಟ್ಟೇದಾರನೊಬ್ಬನ ಹೆಸರು ಬರೆದಿದ್ದರೂ ಹಕ್ಕು ಮನೆತನದ ಹೆಸರಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಅಲ್ಲಿ ಮನೆಪೆದ (ಮನೆತನದ ಹೆಸರು) ಹಿಡಿದು ಹುಡುಕುವುದೇ ಸರಿ. ದಾಖಲೆಯಲ್ಲಿ ದತ್ತಕ ಎಂದಿದ್ದರೆ ಹುಟ್ಟಿದ ಮನೆ, ಹೋದ ಮನೆ ಎರಡನ್ನೂ ಬರೆದಿಡಿ.

7. ನೆಲವಿಲ್ಲದವರ ಹೆಸರು

ಜಮೀನು ದಾಖಲೆ ಜಮೀನಿದ್ದವರಿಗಷ್ಟೇ ಎಂದು ಹಲವರು ಹುಡುಕುವುದನ್ನೇ ಬಿಡುತ್ತಾರೆ. ಹಾಗೆ ಬಿಡಬೇಡಿ. 1974ರ ಮಾರ್ಚ್ 1ರಿಂದ ಜಾರಿಯಾದ ಭೂಸುಧಾರಣೆಯಲ್ಲಿ ಗೇಣಿದಾರರು ಕೊಟ್ಟ ನಮೂನೆ 7ರ ಅರ್ಜಿಗಳು ಭೂ ನ್ಯಾಯಮಂಡಳಿಯ ಕಡತಗಳಲ್ಲಿವೆ. ಅರ್ಜಿದಾರ ತನ್ನ ಅಪ್ಪ, ಅಜ್ಜ ಎಷ್ಟು ವರ್ಷದಿಂದ ಆ ನೆಲ ಉತ್ತರು, ಗೇಣಿ ಎಷ್ಟು ಕೊಟ್ಟರು ಎಂದು ಹೇಳಿದ್ದು, ಅಕ್ಕಪಕ್ಕದವರ ಸಾಕ್ಷಿ, ಧಣಿಯ ಉತ್ತರ ಎಲ್ಲವನ್ನೂ ಅಲ್ಲಿ ಬರೆದಿದ್ದಾರೆ. ನಮ್ಮ ನಾಡಿನ ಬಡ ಕುಟುಂಬಗಳ ಚರಿತ್ರೆ ಅವರವರ ಬಾಯಿಂದಲೇ ಬರೆಸಿದ್ದು ಇಷ್ಟು ದೊಡ್ಡ ಪ್ರಮಾಣದಲ್ಲಿ ಬೇರೆಲ್ಲೂ ಇಲ್ಲವೆನ್ನಿಸುತ್ತದೆ. ಹೈದರಾಬಾದ್ ಕಡೆ 1950ರ ಗೇಣಿ ಕಾಯ್ದೆಯ ರಕ್ಷಿತ ಗೇಣಿದಾರರ ಪಟ್ಟಿ ಇದೆ.

ತಳವಾರ, ತೋಟಿ, ನೀರುಗಂಟಿ, ಮಹಾರ ಮನೆಗಳಿಗೆ ಚಾಕರಿ ಇನಾಂ ಇತ್ತು. ಅವು 1961ರ ಗ್ರಾಮಾಧಿಕಾರಿ ಹುದ್ದೆ ರದ್ದು ಕಾಯ್ದೆಯಂತೆ ಮರುಮಂಜೂರಾದಾಗಿನ ಕಡತಗಳಲ್ಲಿ ದಲಿತ ಕುಟುಂಬಗಳ ವಂಶಾವಳಿ ದೊರೆಯುತ್ತದೆ. ದರಖಾಸ್ತು (ಸರ್ಕಾರಿ ಜಮೀನು ಕೋರಿದ ಅರ್ಜಿಗಳ) ರಿಜಿಸ್ಟರ್, ಸಾಗುವಳಿ ಚೀಟಿ (ಜಮೀನು ಮಂಜೂರಿ ಪತ್ರ), ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಕಾಯ್ದೆಯ ಪ್ರಕರಣಗಳೂ ಇವೆ. ಅಣೆಕಟ್ಟಿನ ನೀರಲ್ಲಿ ಮುಳುಗಿದ ಊರಿನವರಾದರೆ ಭೂಸ್ವಾಧೀನದ ಅವಾರ್ಡ್ ಪಟ್ಟಿಯಲ್ಲಿ ಖಾತೆದಾರರ ಹೆಸರಿರುತ್ತದೆ.

8. ಉಪನೋಂದಣಿ ಕಚೇರಿ ಮತ್ತು ಚಕ್ಕುಬಂದಿ

ಕ್ರಯ, ಆಧಾರ (ಅಡಮಾನ), ಪಾಲು ನೋಂದಣಿಯಾಗಿದ್ದರೆ ಉಪನೋಂದಣಿ ಕಚೇರಿಯಲ್ಲಿ ಹೆಸರಿನ ಸೂಚಿ ಇದೆ. ತಾಲೂಕು ಒಡೆದಾಗ ಹಳೆಯ ಪುಸ್ತಕಗಳು ಹಿಂದಿನ ಉಪನೋಂದಣಿ ಕಚೇರಿಯಲ್ಲೇ ಉಳಿದಿರುವುದು ಹೆಚ್ಚು, ಮೊದಲು ಅಲ್ಲಿ ಕೇಳಿ. ಪತ್ರ ಕೈಗೆ ಬಂದಾಗ ಚಕ್ಕುಬಂದಿಯನ್ನು ನಿಧಾನವಾಗಿ ಓದಿ. ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾರದು ಎಂಬ ಹೆಸರುಗಳಲ್ಲಿ ಹಿಂದಿನ ತಲೆಮಾರಿನಲ್ಲಿ ಪಾಲಾದ ಅಣ್ಣತಮ್ಮಂದಿರು ಸಿಗುವುದು ಬಹಳ. ಒಂದೇ ಸರ್ವೆ ನಂಬರಿನ ಹಿಸ್ಸಾಗಳನ್ನೆಲ್ಲ ಒಟ್ಟಿಗೆ ತೆಗೆಸಿ ಸಾಲಾಗಿ ಇಟ್ಟರೆ, ಬೇರೆ ಅಡ್ಡಹೆಸರಿನಿಂದ ಬದುಕುತ್ತಿರುವ ದಾಯಾದಿಗಳ ಕವಲು ಕಣ್ಣಿಗೆ ಬೀಳುತ್ತದೆ.

9. ಊರಿನವರ ಜೊತೆ ಮಾತು

ಮೂರು ತಲೆಮಾರಿನ ಹಿಂದೆ ಊರು ಬಿಟ್ಟ ಮನೆಯವರು ಇದ್ದಕ್ಕಿದ್ದಂತೆ ಬಂದು ಹಳೆಯ ಪಹಣಿ ತೆಗೆಸಿದರೆ ಅಲ್ಲಿರುವ ದಾಯಾದಿಗಳಿಗೆ ಮೊದಲು ಹೊಳೆಯುವುದು "ಪಾಲು ಕೇಳೋಕೆ ಬಂದಿದಾರೆ" ಎಂದೇ. ಆ ಭಯ ಸಹಜ, ಅದನ್ನು ಹಗುರವಾಗಿ ಕಾಣಬೇಡಿ. ಕಚೇರಿಗೆ ಅರ್ಜಿ ಹಾಕುವ ಮುಂಚೆ ಅವರ ಮನೆಗೆ ಹೋಗಿ, ಊರ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಏನು ಹುಡುಕುತ್ತಿದ್ದೇವೆಂದು ಹೇಳಿ. ಸಿಕ್ಕಿದ್ದರ ಒಂದು ಪ್ರತಿ ಅವರಿಗೂ ಕೊಡುತ್ತೇವೆಂದು ಮಾತು ಕೊಟ್ಟು ನಡೆಸಿಕೊಳ್ಳಿ. ನಿಜವಾಗಿ ಹಕ್ಕಿನ ಪ್ರಶ್ನೆ ಇದ್ದರೆ ಅದನ್ನು ವಕೀಲರ ಬಳಿ ಬೇರೆಯಾಗಿ ಮಾತಾಡಿ, ವಂಶದ ಹುಡುಕಾಟದೊಳಗೆ ಬೆರೆಸಬೇಡಿ. ಬದುಕಿರುವವರ ಹೆಸರು, ಸರ್ವೆ ನಂಬರ್, ಸಹಿ ಇರುವ ಪುಟಗಳನ್ನು ಕುಟುಂಬದ ವಾಟ್ಸಾಪ್ ಗುಂಪಿಗೂ ಹಾಕಬೇಡಿ.

ಪ್ರತಿ ನಕಲಿನ ಹಿಂಬದಿಯಲ್ಲಿ ಪೆನ್ಸಿಲ್ಲಿನಿಂದ ಕಚೇರಿ, ರಿಜಿಸ್ಟರಿನ ಹೆಸರು, ಸಂಪುಟ, ಪುಟ, ಆ ಕಾಲದ ಜಿಲ್ಲೆ-ತಾಲೂಕು, ಇಂದಿನ ಜಿಲ್ಲೆ-ತಾಲೂಕು ಬರೆಯಿರಿ. ಇಂದಿನ ಹೆಸರೂ ಮುಂದೊಂದು ದಿನ ಬದಲಾದೀತು, ಆಗ ಈ ಕಾಗದ ಹಿಡಿದು ಬರುವವರಿಗೆ ಎರಡೂ ಬೇಕಾಗುತ್ತವೆ.